ಹೆಸರು ಬರುವ ಮುಂಚೆ ಕಟ್

೧೧-೬-೨೦೦೮, ಬುಧವಾರ

ಡೇರಿಗೆ ಹಾಲು ಹಾಕಿ ಬಂದೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದೆ. ಕ್ಯಾಲನೂರಿನಿಂದ ಬಾಮೈದ ಕದಿರೇಶ ಮಿಸ್ಡ್ ಕಾಲ್ ಕೊಟ್ಟ. ಮತ್ತೆ ಕೊಟ್ಟ. ವಾಪಸ್ ಮಾಡಲಿಲ್ಲ. ಮಾಡುವುದೂ ಇಲ್ಲ. ಸ್ವಂತ ಅಕ್ಕ ಸತ್ತರೂ ಬುದ್ಧಿ ಬಂದಿಲ್ಲ ಇವನಿಗೆ.

ಯಾರ ಹತ್ತಿರವೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ಮಾಘದಲ್ಲಿ ನಮ್ಮನೆಯವಳು ಆದಿಲಕ್ಷ್ಮಿ ಕೋಲಾರದ ಆಸ್ಪತ್ರೆಯಲ್ಲಿದ್ದಳು. ತಮ್ಮ ಜೊತೆಗಿದ್ದಾನಲ್ಲ ಅಂತ ಅವನನ್ನು ಬಿಟ್ಟು ಸುಗಟೂರಿಗೆ ಬಂದೆ. ಹುಳ ಕೊನೇ ಜ್ವರ ಎದ್ದು, ಪೊರೆ ಬಿಟ್ಟು ಹಸಿದಿದ್ದವು, ಸೊಪ್ಪು ತಪ್ಪಿಸುವ ಹಾಗಿರಲಿಲ್ಲ. ಸಂಜೆ ಅವನಿಂದ ಒಂದು ಮಿಸ್ಡ್ ಕಾಲ್. ನಮ್ಮ ಮನೆಯಲ್ಲಿ ಒಂದು ರಿಂಗ್ ಅಂದರೆ ಏನೂ ತೊಂದರೆ ಇಲ್ಲ ಅಂತ. ಬಸ್ ಇಳಿದರೆ ಒಂದು ರಿಂಗ್. ಊಟ ಆದರೆ ಒಂದು ರಿಂಗ್. ಅವಳೇ ಮಾಡಿದ ಪದ್ಧತಿ. ಸದ್ಯ ಅಂದುಕೊಂಡು ಸೊಪ್ಪು ಹಾಕುತ್ತಾ ಕೂತೆ.

ಕದಿರೇಶನ ಮನೆಯಲ್ಲಿ ಒಂದು ರಿಂಗ್ ಅಂದರೆ ಕೂಡಲೇ ಫೋನ್ ಮಾಡು ಅಂತ.

ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಎಳೆದಿದ್ದರು. ಫೋನಲ್ಲಿ ಕರೆನ್ಸಿ ಇರಲಿಲ್ಲವೇನೋ ಅಂತ ಕೇಳಿದೆ. ಇತ್ತಂತೆ. "ಅಭ್ಯಾಸ ಬಾವಾ" ಅಂದ.

ಅಭ್ಯಾಸ!

೧೬-೬, ಸೋಮವಾರ

ಕೋಲಾರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹಿಂದೆ ನರೇಶನ ಮೊಬೈಲ್ ಅಂಗಡಿ. ಕ್ಯಾಸೆಟ್ ಕೊಟ್ಟರೆ ಕಂಪ್ಯೂಟರಿಗೆ ಹಾಕಿ, ಬೇಕಾದಷ್ಟು ಕಟ್ ಮಾಡಿ, ರಿಂಗ್‌ಟೋನ್ ಮಾಡಿಕೊಡುತ್ತಾನೆ. ಕದಿರೇಶನ ಮದುವೆ ಕ್ಯಾಸೆಟ್ ತೆಗೆದುಕೊಂಡು ಹೋಗಿದ್ದೆ.

"ಹೊಸ ಪಿಕ್ಚರ್ ಸಾಂಗ್ ಹಾಕ್ಲಾ ಅಂಕಲ್? ಇದ್ರಲ್ಲಿ ಬರೀ ಗಲಾಟೆ."

"ಗಲಾಟೇನೇ ಬೇಕು."

"ಯಾರ್ದು ವಾಯ್ಸು?"

"ನಮ್ಮನೆಯೋಳದು."

ಆಮೇಲೆ ಬಾಯಿ ಮುಚ್ಚಿಕೊಂಡು ಮಾಡಿದ.

ಆ ಮದುವೆಯಲ್ಲಿ ಹೊಸ ಹೆಣ್ಣು ಹೊಸಿಲಲ್ಲಿ ನಿಂತು ಗಂಡನ ಹೆಸರು ಹೇಳಿದ ಮೇಲೆ ಹೆಂಗಸರು ಇವಳನ್ನೂ ಅಡ್ಡ ಹಾಕಿದ್ದರು. "ಲೇ ಆದಿ, ನೀನೂ ಹೇಳೇ, ಆಮೇಲೆ ಒಳಗೆ ಬಾ!" ನಮ್ಮ ಮದುವೆಯಲ್ಲಿ ನಾಚಿಕೊಂಡು ಅತ್ತಿದ್ದಳೇ ಹೊರತು ಹೇಳಿರಲಿಲ್ಲ. ಅವತ್ತು ಹೇಳಿದಳು —

ಹಿಪ್ಪುನೇರಳೆ ಸೊಪ್ಪು ತಿಂದು ಹುಳ ನೂಲ್ತು ಗೂಡು,
ಹೊಸಿಲ ಮೇಲೆ ಅಕ್ಕಿ ಸೇರು, ಒದೆಯೋ ಕಾಲು ನೋಡು,
ಏಳು ಬೆಟ್ಟ ಹತ್ತಿದೋರ್ಗೆ ಸಿಕ್ತಾನೆ ತಿಮ್ಮಪ್ಪ,
ಬಾಗ್ಲು ಬಿಡ್ರಮ್ಮ, ನಮ್ಮನೆಯೋರು ವೆಂಕಟರಮಣಪ್ಪ.

ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ. ಮಿಕ್ಕಂತೆ "ಏನ್ರೀ", "ಇಲ್ಲಿ ಕೇಳ್ರೀ". ಇನ್ನು ಮೇಲೆ ಯಾರು ಫೋನ್ ಮಾಡಿದರೂ ಅವಳೇ ಕರೆಯುತ್ತಾಳೆ.

೧೯-೬

ಥೂ. ಒಬ್ಬರೂ ಪೂರ್ತಿ ರಿಂಗ್ ಮಾಡುವುದಿಲ್ಲ. ಡೇರಿ ಸೆಕ್ರೆಟರಿ — "ಹಿಪ್ಪುನೇರಳೆ ಸೊಪ್ಪು" — ಕಟ್. ಸೊಪ್ಪಿನ ಗಾಡಿಯವನು — "ಹಿಪ್ಪು" — ಕಟ್. ಸಾಲು ಸಾಲಿಗೂ ಹೆಂಗಸರು ನಗುತ್ತಾರೆ, ಹೆಸರು ಬರುವುದು ತಡ. ಅಷ್ಟು ಹೊತ್ತು ಹಿಡಿಯುವ ತಾಳ್ಮೆ ಯಾರಿಗಿದೆ? ನಮ್ಮ ಅತ್ತಿಗೆ ಆಂಜಿನಮ್ಮ ತಿಮ್ಮಪ್ಪನವರೆಗೆ ಹಿಡಿದು ಕಟ್ ಮಾಡಿದಳು. ಆಮೇಲೆ ಮನೆಗೇ ಬಂದು ಬೈದಳು. "ಕಿವುಡೇನಯ್ಯಾ ನಿಂಗೆ? ಫೋನ್ ಎತ್ತಕ್ಕೇನು ಬಂದಿರೋದು?"

ಇಡೀ ತಾಲ್ಲೂಕಿಗೇ ರೋಗ ಬಡಿದಿದೆ.

೨೪-೬, ಕೋಲಾರ

ನರೇಶ ನಕ್ಕ. "ಸಿಂಪಲ್ ಅಂಕಲ್. ಮುಂದಿಂದೆಲ್ಲ ತೆಗೆದು ಬರೀ ಹೆಸ್ರು ಇಡ್ತೀನಿ."

ಬೇಡ ಅಂದೆ. ಒಡಪು ಹೇಳದೆ ಸುಮ್ಮನೆ ಗಂಡನ ಹೆಸರು ಕೂಗುತ್ತಾಳಾ? ಅಂಥವಳಲ್ಲ.

"ಹಂಗಾದ್ರೆ ನೀವೇ ಪ್ಲೇ ಒತ್ತಿ ಕೇಳ್ಕೊಳ್ಳಿ."

ಒತ್ತಿ ನೋಡಿದ್ದೇನೆ. ಅದು ಕ್ಯಾಸೆಟ್ ಕೇಳಿದ ಹಾಗೆ. ಕರೆದ ಹಾಗಲ್ಲ. ಇವನಿಗೆ ಏನಂತ ಹೇಳಲಿ... ಸಿಟ್ಟಿನಲ್ಲಿ ಎದ್ದು ಬಂದೆ. ಛತ್ರಿ ಅಲ್ಲೇ ಬಿಟ್ಟೆ.

೧೪-೭, ಸೋಮವಾರ

ಕದಿರೇಶ ಬಂದಿದ್ದ. ಮಂಡಿಗೆ ಹೋಗುವ ದಾರಿ ಅಂತ ಒಂದು ಬಾಕ್ಸ್ ಟೊಮ್ಯಾಟೊ ಇಳಿಸಿದ. ಒಳಗೆ ಕರೆಯಲಿಲ್ಲ.

"ಏಂ ಬಾವಾ, ನನ್ ಫೋನ್‌ಗೆ ವಾಪಸ್ ಮಾಡಂಗೇ ಇಲ್ವಾ?"

"ನೀನು ಯಾವತ್ತು ಫೋನ್ ಮಾಡಿದೀಯೋ? ಒಂದು ರಿಂಗ್ ಕೊಟ್ಟು ಕಟ್ ಮಾಡೋದು ಫೋನಾ? ಅವತ್ತೂ ಹಂಗೇ ತಾನೆ ಮಾಡಿದ್ದು! ಅವಳು ಸಾಯ್ತಿದ್ರೂ ಒಂದು ರಿಂಗು!"

ಮುಖ ಕೆಂಪಾಯಿತು ಅವನದು.

"ಫೋನ್ ಕೈಲಿ ಹಿಡ್ಕೊಂಡೇ ಕೂತಿದ್ದೆ ಬಾವಾ. ಈಗ ಮಾಡ್ತಾರೆ, ಈಗ ಮಾಡ್ತಾರೆ ಅಂತ. ಅಕ್ಕ ಬೇರೆ ಕೇಳ್ತಾನೇ ಇದ್ಲು, 'ಬಂದ್ರೇನೋ ಅವ್ರು' ಅಂತ. ನಿಮ್ಗೆ ಹುಳಾನೇ ಹೆಚ್ಚಾಯ್ತಲ್ಲ ಅಂತ ನಂಗೂ ಉರೀತಾ ಇದೆ. ಇವತ್ತಿಗೂ."

ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಒಂದು ರಿಂಗಿಗೆ ನಮ್ಮ ಮನೆಯಲ್ಲಿ ಏನರ್ಥ ಅಂತ ಕೂಗಿ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲೇ ಇಲ್ಲ. ಹೊಸಿಲ ಹತ್ತಿರ ಕೂತುಬಿಟ್ಟ.

ನನ್ನ ಸಿಟ್ಟು ಇಳಿಯಲಿಲ್ಲ. "ಎದ್ದು ಹೋಗು. ಇನ್ಮೇಲೆ ಮಾತಾಡೋದಿದ್ರೆ ಫೋನ್ ಮಾಡು. ನಾನು ಎತ್ತೋವರ್ಗೂ ಕಟ್ ಮಾಡ್ಬೇಡ" ಅಂದೆ.

ಹೋದ. ಟೊಮ್ಯಾಟೊ ಮುಟ್ಟಿಲ್ಲ. ಕೊಳೆಯಲಿ.

೨೦-೭, ಭಾನುವಾರ, ಬೆಳಿಗ್ಗೆ

ಗೂಡು ಬಿಡಿಸಿ ಮುಗಿಯಿತು. ಟೊಮ್ಯಾಟೊ ಕೊಳೆತು ನೀರು ಬಿಟ್ಟಿದೆ. ಎತ್ತಿ ತಿಪ್ಪೆಗೆ ಹಾಕಬೇಕು. ಒಳ್ಳೆ ಹಣ್ಣಿತ್ತು. ಆರು ದಿನದಿಂದ ಅವನದು ಒಂದು ಮಿಸ್ಡ್ ಕಾಲೂ ಇಲ್ಲ. ಬೇಡ. ಯಾರಿಗೆ ಬೇಕು.

ಫೋನ್. ಕಿಟಕಿಯಲ್ಲಿದೆ. ಕದಿರೇಶ.

ಈಗ ಕಟ್ ಮಾಡುತ್ತಾನೆ ನೋಡು... ಹುಳ ನೂಲ್ತು ಗೂಡು — ಇಲ್ಲ, ಮಾಡಿಲ್ಲ. ಹೆಂಗಸರ ನಗು. ಒದೆಯೋ ಕಾಲು. ಮತ್ತೆ ನಗು. ಈಗ ಮಾಡುತ್ತಾನೆ. ನನ್ಮಗ, ಈಗ ಮಾಡಿಯೇ ಮಾಡುತ್ತಾನೆ. ತಿಮ್ಮಪ್ಪ ಬಂದ. ಇನ್ನೂ ಹಿಡಿದಿದ್ದಾನೆ. ಬಾಗ್ಲು ಬಿಡ್ರಮ್ಮ, ನಮ್ಮನೆಯೋರು