ಇಸ್ತ್ರಿ ಹಾಕಿದ ಪತ್ರಿಕೆ

ಅಮ್ಮಾ,

ಇವತ್ತು ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸೇರಿ ತಂತಮ್ಮ ತಾಯಂದಿರ ಕಥೆ ಹೇಳಿದೆವು. ನನ್ನ ಸರದಿಗೆ ನಾನೊಂದು ಹಳೇ ಪತ್ರಿಕೆಗೆ ಇಸ್ತ್ರಿ ಹಾಕಿ ತೋರಿಸಿದೆ. ಅಲಬಾಮಾದ ಬಿಳಿಯರ ಆಸ್ಪತ್ರೆಗಳು ಕಪ್ಪು ಜನರಾದ ನಮ್ಮವರನ್ನು ಸೇರಿಸದ ಕಾಲದಲ್ಲಿ, ಹೆರಿಗೆಗೆ ಹಾಸುವ ಪತ್ರಿಕೆಗಳನ್ನು ಸೂಲಗಿತ್ತಿಯಾಗಿದ್ದ ನೀನು ಹೀಗೇ ಕಾಯಿಸಿ ಶುದ್ಧ ಮಾಡುತ್ತಿದ್ದೆಯಲ್ಲ.

ಹುಡುಗಿಯರು ನಕ್ಕರು. ಚಿಕ್ಕಂದಿನಲ್ಲಿ ನನ್ನ ಶಾಲೆಯ ಗೆಳತಿಯರೂ ಹೀಗೇ ನಕ್ಕಿದ್ದರು. ಆಗ ನಾನು, "ನಮ್ಮಮ್ಮ ಸೂಲಗಿತ್ತಿ ಅಲ್ಲ, ಬಟ್ಟೆ ಇಸ್ತ್ರಿ ಮಾಡ್ತಾಳೆ" ಅಂದಿದ್ದೆ. ನೀನು ಬಾಗಿಲಲ್ಲೇ ನಿಂತಿದ್ದೆ.

ವರ್ಲೀನ್ ಅತ್ತೆ ಕೋಲು ಕುಟ್ಟಿದಳು. "ಏನ್ರೇ ಕಿಸೀತೀರಾ? ನಿಮ್ಮಮ್ಮಂದಿರು ಭೂಮಿಗೆ ಬಿದ್ದಿದ್ದೇ ಆ ಪೇಪರ್ ಮೇಲೆ! ಇವಳಮ್ಮ ಕ್ಲಿಯೋಲಾ ಕೈಯಲ್ಲಿ ಹುಟ್ಟಿದೋರೆಲ್ಲ ಎದ್ದು ನಿಲ್ಲಿ, ನೋಡೋಣ."

ಕುರ್ಚಿಗಳು ಸರಿದವು. ಪಾದ್ರಿಗಳೂ ಎದ್ದರು. ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದ ಗಂಡಸರೂ ಸೌಟು ಹಿಡಿದೇ ಬಂದು ನಿಂತರು. ನಾನು ಕೂತೇ ಇದ್ದೆ.

"ನೀನ್ಯಾಕೇ ಕೂತಿದೀಯ?" ಎಂದಳು ಅತ್ತೆ ನನಗೆ. "ನಿನ್ನ ಹೆರೋವಾಗ ಅವಳ ಹತ್ರ ಯಾರಿದ್ರು? ನೋವು ತಿಂತಾನೇ ಪೇಪರ್‌ಗೆ ಇಸ್ತ್ರಿ ಹಾಕಿ, ತಾನೇ ಹಾಸ್ಕೊಂಡು, ನಿನ್ನನ್ನ ತಾನೇ ಎತ್ಕೊಂಡ್ಳು."

ಇದನ್ನು ನೀನು ಒಮ್ಮೆಯೂ ಹೇಳಲಿಲ್ಲ.

ನಾನೂ ಎದ್ದು ನಿಂತೆ, ಅಮ್ಮಾ. ಎಲ್ಲರಿಗಿಂತ ಕೊನೆಗೆ.

ನಿನ್ನ
ಲವಿನಿಯಾ