ಬಾವಿಗೆ ಹಾಕಿದ ಮಾತ್ರೆ

ಬಾಣಾವರ
18-2-2005

ಪ್ರೀತಿಯ ಅಕ್ಷತಾ,

ನಿನ್ನ ಅಕ್ಕನ ಆಶೀರ್ವಾದ. ನಿನ್ನ ಕಾಗದ ಸೋಮವಾರವೇ ಬಂತು. ಉತ್ತರ ಬರೆಯಲು ಕೂತು ಕೂತು ಎದ್ದೆ.

ಮೈಸೂರಿನ ನಿಮ್ಮ ಲ್ಯಾಬಿನಲ್ಲಿ ಆಸ್ಪತ್ರೆಯ ಚರಂಡಿ ನೀರಿನ ಜೊತೆ ಹೋಲಿಸಿ ನೋಡಲು, ಔಷಧಿ ಸೋಕದ ನೀರು ಬೇಕು ಅಂತ ನೀನು ಅಂದಿದ್ದೆ. ತೋಟದ ಹಳೇ ಬಾವಿಯಿಂದ ಒಂದು ಬಾಟಲಿ ತುಂಬಿ, ಇದ್ದಿಲು ಮಾಡಲು ನೀನು ಕೇಳಿದ್ದ ತೆಂಗಿನ ಚಿಪ್ಪಿನ ಮೂಟೆಯ ಜೊತೆ, ಮೈಸೂರಿಗೆ ಹೊರಟಿದ್ದ ಗಿಡ್ಡಪ್ಪನ ಕೈಲಿ ಕಳಿಸಿದೆ. ಈಗ ಅದರಲ್ಲೇ ಅವ್ವನ ಫಿಟ್ಸ್ ಮಾತ್ರೆಯ ಔಷಧಿ ಸಿಕ್ಕಿದೆ, ಬಾಟಲಿ ತೊಳೆಯಲಿಲ್ಲವಾ ಅಂತ ಕೇಳಿದ್ದೀಯ. ತೊಳೆದಿದ್ದೆ ಕಣೇ. ಔಷಧಿ ಬಾವಿಯಲ್ಲೇ ಇದೆ. ಹಾಕಿದವಳು ನಾನು.

ಫಿಟ್ಸ್ ಬಂದು ಅವ್ವ ತೀರಿಹೋದ ಐದನೇ ದಿನ ಹುರುಳಿ ಮಡಕೆಗೆ ಕೈ ಹಾಕಿದರೆ, ನೀನು ಕಳಿಸಿದ ಮಾತ್ರೆಗಳು. ನಾಲ್ಕು ತಿಂಗಳದ್ದು, ಒಂದೂ ಬಿಡಿಸಿರಲಿಲ್ಲ. ಪಾಪ, ಮರೆತುಬಿಟ್ಟಿದ್ದಳು. ನೀನು ಆಗ ಮನೆಯಲ್ಲೇ ಇದ್ದೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಒಂದೊಂದೇ ಒತ್ತಿ ಬಾವಿಗೆ ಹಾಕಿದೆ. ಎಲ್ಲಿಗೆ ಹೋಗಿದ್ದೆ ಅಂತ ನೀನು ಕೇಳಿದಾಗ ಸೋಗೆ ಆರಿಸಲು ಅಂದೆ. ನೀರಿಗೆ ಬಿದ್ದದ್ದು ಎಂಟು ತಿಂಗಳಲ್ಲಿ ಕರಗಿ ಇಲ್ಲವಾಗಿರುತ್ತೆ ಅಂತ ನಂಬಿದ್ದೆ.

ನೀನು ಕಳಿಸಿದ ಮಾತ್ರೆ ಸಾಲಲಿಲ್ಲವೇನೋ ಅಂತ ಪ್ರತಿ ಕಾಗದದಲ್ಲೂ ಕೊರಗುತ್ತೀಯ. ಇನ್ನು ಬೇಡ. ಅವಳು ನುಂಗಿಯೇ ಇರಲಿಲ್ಲ.

ಬಾವಿಗೆ ಹಲಗೆ ಮುಚ್ಚಿಸಿದ್ದೇನೆ, ಯಾರೂ ಕೊಡ ಇಳಿಸುವುದಿಲ್ಲ. ಚಿಪ್ಪು ಸುಟ್ಟ ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ನೀರು ಹಾಯಿಸಿದರೆ ಔಷಧಿ ಅಲ್ಲೇ ಅಂಟಿಕೊಳ್ಳುತ್ತೆ, ನಮ್ಮ ಬಾಟಲಿಯ ನೀರಿನದೂ ಹಾಗೇ ಹೋಯಿತು ಅಂತ ಬರೆದಿದ್ದೀಯ. ಹಾಗಾದರೆ ಇಡೀ ಬಾವಿಗೆ ಎಷ್ಟು ಮೂಟೆ ಬೇಕು? ಅವ್ವ ಒಡೆದ ಕಾಯಿಯ ಚಿಪ್ಪು ಇನ್ನೂ ಅಟ್ಟದಲ್ಲಿವೆ. ಒಲೆಗೆ ಹಾಕಲು ಮನಸ್ಸಾಗಲಿಲ್ಲ, ಗಿಡ್ಡಪ್ಪನ ಕೈಗೆ ಕೊಡಲೂ ಆಗಲಿಲ್ಲ. ನೀನೇ ಬಂದು ಒಯ್ಯಿ.

ಇಂತಿ ನಿನ್ನ ದಾರಿ ನೋಡುವ,
ಶಿವಲೀಲಾ

ಮತ್ತೆ: ಮರೆತಿದ್ದಳು ಅಂತ ಮೇಲೆ ಬರೆದೆ. ಅದು ಸುಳ್ಳು. ಹರಿದು ಇನ್ನೊಂದು ಬರೆದರೆ ಮತ್ತೆ ಅದನ್ನೇ ಬರೆಯುತ್ತೇನೆ, ಅದಕ್ಕೇ ಇಲ್ಲೇ ಹೇಳುತ್ತೇನೆ. ಒಂದು ದಿನ ನಾನು ಅಂಗನವಾಡಿ ಕೆಲಸಕ್ಕೆ ಹೊರಟವಳು, ಮಾತ್ರೆ ನುಂಗಿದೆಯಾ ಅಂತ ಅವ್ವನನ್ನು ಕೇಳಿದೆ. ಅದು ನುಂಗಿದರೆ ಮಧ್ಯಾಹ್ನವೆಲ್ಲ ಮಂಪರು ಕಣೇ, ಅಕ್ಷತಾ ಎರಡು ಗಂಟೆ ರೈಲಿಗೆ ಬಂದು ಬಾಗಿಲು ತಟ್ಟಿದರೆ ಯಾರು ತೆಗೀತಾರೆ ಅಂದಳು. ತಮಾಷೆ ಅಂದುಕೊಂಡು ನಕ್ಕು ಹೋದೆ. ಈಗ ಆ ಹೊತ್ತಿಗೆ ನಾನು ಮನೆಗೆ ಬಂದು ಬಾಗಿಲು ತೆರೆದಿಡುತ್ತೇನೆ.