ಹುಚ್ಚನೆಂದು ಬರೆದ ಹೇಳಿಕೆ

ವಕೀಲರಿಗೆ ನಮಸ್ಕಾರ.

ಅಣ್ಣನನ್ನು ಕೊಂದ ದಿನ ನನ್ನ ಚಿಕ್ಕ ಮಗನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ಮನೋವೈದ್ಯರು ಬರೆದಿದ್ದಾರೆ. ನಾನೂ ಹಾಗೆಂದು ಹೇಳಿಕೆ ಕೊಟ್ಟರೆ ಮೇಲ್ಮನವಿಯಲ್ಲಿ ಗಲ್ಲು ತಪ್ಪಬಹುದು ಎಂದಿರಿ.

ನಿನ್ನೆ ಜೈಲಿಗೆ ಹೋಗಿ ಅವನನ್ನೇ ಕೇಳಿದೆ.

“ನಂಗೇನೂ ಹುಚ್ಚಿಲ್ಲಮ್ಮ. ಅಣ್ಣ ದಿನಾ ನನ್ನ ಟೀಗೆ ವಿಷ ಹಾಕ್ತಿದ್ದ, ಅದಕ್ಕೇ ಹೊಡೆದೆ. ಹುಚ್ಚ ಅಂತ ಮಾತ್ರ ಬರೆಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ” ಎಂದ.

ಆ ಟೀ ಮಾಡಿ ಕೊಡುತ್ತಿದ್ದವಳು ನಾನು. ದೊಡ್ಡವನು ಒಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಸತ್ತವನ ತಾಯಿಯಾಗಿ ಯೋಚಿಸಲೋ, ಬದುಕಿರುವವನ ತಾಯಿಯಾಗಿಯೋ, ಒಂದೂ ತೋಚುತ್ತಿಲ್ಲ.

ಆದರೂ ಹೇಳಿಕೆಗೆ ಸಹಿ ಹಾಕಿ ಕಳಿಸಿದ್ದೇನೆ. ಕೋರ್ಟಿನಲ್ಲಿ ಅದನ್ನು ಓದುವಾಗ ಅವನು ಅಲ್ಲಿರದಂತೆ ನೋಡಿಕೊಳ್ಳುತ್ತೀರಾ?

ಇಂತಿ,
ಇಬ್ಬರ ತಾಯಿ